ಆಚೆ ಸಾಲಿನ ದೊರೆಸಾನಿ

ಮತ್ತೆ ಆ ಮೂಗು, ಆಚೆ ಸಾಲಿನ ಅರೆಬಾಗಿಲ ಮೇಲೆ, ಹೊಳ್ಳೆ ಅರಳುತ್ತದೆ, ಮುಚ್ಚುತ್ತದೆ, ಅರಳುತ್ತದೆ, ನನ್ನ ಅಂಗೈ ಹುಡುಕುತ್ತಿದ್ದಾಳೆ ದೊರೆಸಾನಿ, ಬೆಳಿಗ್ಗೆ ಲಾಯಕ್ಕೆ ಕಾಲಿಟ್ಟರೆ ಮೊದಲು ಅವಳ ಮೂಗಿಗೆ ಅಂಗೈ ಕೊಡಬೇಕು, ಹುಲ್ಲು ನೀರೆಲ್ಲ ಆಮೇಲೆ, ಅಷ್ಟು ಜಂಬ, ತುಂಬು ಬಸುರಿ ಬೇರೆ, ಆದರೆ ಈಗ ನನ್ನ ಅಂಗೈಯೆಲ್ಲ ನಮ್ಮ ಗಂಡುಕುದುರೆ ಸೋಮಾರಿಯ ಸಿಂಬಳ, ನಾನು ಅಂಗಳದ ಈಚೆ ಕೊನೆಯ ಕೊಟ್ಟಿಗೆಯಲ್ಲಿ, ಅವಳು ಆಚೆ ಕೊನೆಯಲ್ಲಿ, ನಡುವೆ ನಾನೇ ಎಳೆದ ಸುಣ್ಣದ ಗೆರೆ — ಕೆನೆ, ಎಷ್ಟು ಬೇಕಾದರೂ ಕೆನೆ ತಾಯಿ, ದಾಟುವುದಿಲ್ಲ. ಸೋಮಾರಿ ನನ್ನ ಭುಜಕ್ಕೆ ಒರಗುತ್ತಾನೆ, ಮೈಯೆಲ್ಲ ಕೆಂಡ, ಹಿಂಗಾಲು ತೂರಾಡುತ್ತಿವೆ, ನಿಂತ್ಕೊಳೋ ಮಹರಾಯ, ನೀನು ಬಿದ್ದರೆ ಎಬ್ಬಿಸುವುದಕ್ಕೆ ಊರೇ ಬರಬೇಕು, ಪಂದ್ಯಕ್ಕೆ ಹೋದವನು ಗೆದ್ದು ತಂದದ್ದು ಇದೊಂದನ್ನೇ, ಗಾಡಿಯಿಂದ ಇಳಿಸುತ್ತಾ ಅಣ್ಣ ಏನಂದ, ನೆಗಡಿ ಕಣೇ, ಕುದುರೆಗೂ ನೆಗಡಿ ಬರಬಾರದಾ, ನೀನೊಬ್ಳು, ಸೀನಿದ್ದಕ್ಕೆಲ್ಲ ಡಾಕ್ಟ್ರನ್ನ ಕರೀತೀಯ, ಕರೆದೆ, ಕರೆಯದೆ ಬಿಡುತ್ತೇನೆಯೇ, ಹೋದ ವರ್ಷವೂ ಹೀಗೇ ಯಾವುದೋ ಮೂಗು ಸೋರಿತ್ತು, ಎಲ್ಲಿಂದ ಬಂತೆಂದು ಕೊನೆಗೂ ಗೊತ್ತಾಗಲಿಲ್ಲ, ಆಮೇಲೊಂದು ದಿನ ನೋಡಿದರೆ ಹುಲ್ಲಿನ ಮೇಲೆ ತಿಂಗಳು ತುಂಬದ ಮರಿ, ಸತ್ತೇ ಬಿದ್ದಿತ್ತು, ದೊರೆಸಾನಿ ಅದನ್ನು ಮೂಸುತ್ತಾ ನಿಂತಿದ್ದಳು, ಹೊಳ್ಳೆ ಅರಳಿಸಿ, ಮುಚ್ಚಿ, ಅರಳಿಸಿ, ಏಳು ಏಳು ಎನ್ನುವ ಹಾಗೆ. ಈ ಸಲ ಹಾಗಾಗಲು ಬಿಡುವುದಿಲ್ಲ.

ವೈರಸ್ಸಮ್ಮಾ ಇದು, ಡಾಕ್ಟರು ಹೇಳಿದ್ದರು, ಬಸುರಿಗೆ ತಗುಲಿದ್ರೆ ಮರಿ ಹೋಗತ್ತೆ, ಕೆಮ್ಮಿದ್ರೆ ನಾಲ್ಕು ಮಾರು ಹಾರತ್ತೆ, ಅದಕ್ಕಿಂತ ದೂರ ಹೋಗ್ಬೇಕಾದ್ರೆ ನೀವೇ ಹೊತ್ಕೊಂಡು ಹೋಗ್ಬೇಕು, ಅದೇ ಬಕೆಟ್ಟು, ಅದೇ ಕಡಿವಾಣ, ನಿಮ್ಮ ಅಂಗಿ ತೋಳು, ನಿಮ್ಮ ಕೈ, ಅಣ್ಣ ಎದೆಯುಬ್ಬಿಸಿ, ಲಸಿಕೆ ಹಾಕಿಸಿದ್ದೀವಲ್ಲ ಡಾಕ್ಟ್ರೇ, ಹಾಕಿಸಿದ್ದು ಒಳ್ಳೇದಾಯ್ತು ಸ್ವಾಮಿ, ಆದ್ರೆ ಕೊಡೆ ಇದೆ ಅಂತ ಕೆರೆಗೆ ಇಳೀತೀರಾ, ನಾನು ಸುಣ್ಣದ ಡಬ್ಬ ತಂದೆ. ಯಾರು ಈಚೆ, ಯಾರು ಆಚೆ, ಅಣ್ಣ ಸೋಮಾರಿಯ ಜೊತೆ ಗಾಡಿಯಲ್ಲಿ ಬಂದವನು, ಅವನು ಆಚೆ ಹೋಗುವ ಹಾಗಿಲ್ಲ, ಗೇಟಿನಲ್ಲಿ ನಿಂತು ಹೊರಗಿನ ಕುದುರೆ ಒಳಗೆ, ಒಳಗಿನದು ಹೊರಗೆ ಹೋಗದಂತೆ ಕಾಯಲಿ, ಉಳಿದದ್ದು ನಾನು ಮತ್ತು ಅತ್ತಿಗೆ, ತೂರಾಡುವ ಕುದುರೆಯ ಪಕ್ಕ ಅತ್ತಿಗೆಯನ್ನು ನಿಲ್ಲಿಸಿದರೆ ಅಪ್ಪಚ್ಚಿ, ಹೊಲಿಗೆ ಅಂಗಡಿಯವರು, ಕುದುರೆ ಕಂಡರೆ ಟೇಪು ಹಿಡಿದು ಅಳತೆ ತಗೋತಾಳೆ ಎಂದು ಅಣ್ಣ ರೇಗಿಸುತ್ತಾನೆ, ಹಾಗಾಗಿ ಅತ್ತಿಗೆ ಆಚೆ, ನಿನ್ನ ದೊರೆಸಾನಿ ನನ್ನ ಹತ್ರ ಬಿಟ್ಕೊಳ್ಳಲ್ಲ ಕಣೇ, ಬಿಟ್ಕೋತಾಳೆ ಅತ್ತಿಗೆ, ಪೈಪಿನ ತುದಿ ಬಕೆಟ್ಟಿನ ನೀರಿಗೆ ಮುಳುಗಿಸ್ಬೇಡಿ, ಮೇಲಿಂದ ಬಿಡಿ, ಒಂದರ ಎಂಜಲು ಇನ್ನೊಂದಕ್ಕೆ ಹೋಗತ್ತೆ, ಬೆಳಿಗ್ಗೆ ಸಂಜೆ ಜ್ವರ ನೋಡಿ, ಥರ್ಮಾಮೀಟರು ಎಲ್ಲಿಡ್ಬೇಕು ಗೊತ್ತಲ್ಲ, ಗೊತ್ತು ಮಾರಾಯ್ತಿ, ಅದಕ್ಕೇ ಅಳು ಬರ್ತಿರೋದು.

ಕೆನೆತ ನಿಂತಿತು, ಬಾಗಿಲ ಮೇಲೆ ಮೂಗಿಲ್ಲ, ಎಲ್ಲಿ ಹೋದಳು — ಮಲಗಿದ್ಲು ಕಣೇ, ಅತ್ತಿಗೆಯ ಕೂಗು, ನೀರೆಲ್ಲ ಹೋಯ್ತು, ಬಾರೇ, ನಂಗಾಗಲ್ಲ, ಡಾಕ್ಟ್ರು ಇನ್ನೂ ದಾರೀಲಿದ್ದಾರಂತೆ, ದಾರಿಯಲ್ಲಿದ್ದರೆ ಏನು ಬಂತು, ಕುದುರೆಯ ಹೆರಿಗೆ ಯಾರಿಗೂ ಕಾಯುವುದಿಲ್ಲ, ಮೈ ತೊಳೆದು ಬಟ್ಟೆ ಬದಲಿಸಿ ಓಡಿದರೆ, ಸೋಮಾರಿ ಈಗ ತಾನೇ ನನ್ನ ತಲೆಗೂದಲಿಗೆ ಕೆಮ್ಮಿದ್ದಾನೆ, ಸರಿಯಾಗಿ ತೊಳೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಅರೆಬರೆ ತೊಳೆದು ಹೋದರೆ ಬದುಕಿ ಬಂದ ಮರಿಗೆ ಕಾಯಿಲೆಯನ್ನು ನಾನೇ ಕೈಯಾರೆ ಕೊಟ್ಟ ಹಾಗೆ, ಹೋಗದಿದ್ದರೆ, ಮರಿ ಸಿಕ್ಕಿಕೊಂಡು ತಾಯಿಯೂ ಹೋದರೆ, ದೇವರೇ, ನನಗೆ ಭಯವಾಗುತ್ತಿದೆ, ಕಾಲು ಗೆರೆಯ ಹತ್ತಿರ ಬಂದುಬಿಟ್ಟಿದೆ, ಯಾವಾಗ ಬಂತು, ಹಿಂದೆ, ಹಿಂದೆ. ಅತ್ತಿಗೆ, ಏನು ಕಾಣ್ತಿದೆ ಹೇಳಿ, ಚೀಲ ಬಿಳೀನಾ ಕೆಂಪಾ, ಬಿಳಿ, ಬಿಳಿ ಕಣೇ, ಸದ್ಯ, ಕೆಂಪಾಗಿದ್ದರೆ ಒಳಗೇ ಮರಿಯ ಉಸಿರು ಕಟ್ಟುತ್ತಿತ್ತು, ಗೊರಸು, ಹೂಂ, ಒಂದು, ಇನ್ನೊಂದು, ಇಲ್ಲ, ಒಂದೇ — ಇನ್ನೊಂದು ಕಾಲು ಒಳಗೇ ಮಡಚಿಕೊಂಡಿದೆ, ಸೋಪು ಹಚ್ಚಿ ಕೈ ತೊಳ್ಕೊಳ್ಳಿ, ಒಳಗೆ ಬಿಡಿ, ಅಯ್ಯಯ್ಯೋ, ಬಿಡಿ ಅಂದೆ, ಹೊಲಿದ ತೋಳನ್ನ ಒಳಗಿಂದ ಹೊರಕ್ಕೆ ತಿರುಗಿಸಲ್ವಾ ನೀವು, ಹಾಗೇ, ಮೆಲ್ಲಗೆ, ಸಿಕ್ತು, ಇಲ್ಲೇ ಹಿಂದೆ ಇದೆ, ತಡೀತಿದೆ, ಗೊರಸನ್ನ ಅಂಗೈಯಲ್ಲಿ ಮುಚ್ಚಿ ಮುಂದಕ್ಕೆ ತನ್ನಿ, ಬಂತು, ಅವಳು ತಿಣುಕಿದಾಗ ಮಾತ್ರ ಎಳೀರಿ, ಕೆಳಮುಖವಾಗಿ, ಸೋಮಾರಿಯ ಉಸಿರು ನನ್ನ ಕುತ್ತಿಗೆಯ ಮೇಲೆ ಬಿಸಿ ಬಿಸಿ, ಅವನೂ ಕಿವಿ ನಿಮಿರಿಸಿದ್ದಾನೆ, ಅತ್ತಿಗೆ, ಅತ್ತಿಗೇ, ಇರೇ, ಮೂಗು ಬಂತು, ತಲೆ, ಅಬ್ಬಾ ಏನುದ್ದ ಕಾಲು ಇದಕ್ಕೆ, ಚೀಲ ಹರೀರಿ, ಮೂಗು ಒರೆಸಿ, ಹುಲ್ಲಲ್ಲಿ ಉಜ್ಜಿ, ಉಸಿರಾಡ್ತಿದೆಯಾ, ಹೇಳ್ರೀ — ಸೀನ್ತು! ನನ್ನ ಮುಖಕ್ಕೇ ಸೀನ್ತು ಕಣೇ, ಹೆಣ್ಣು! ಅತ್ತಿಗೆ ನಗುತ್ತಿದ್ದಾರೋ ಅಳುತ್ತಿದ್ದಾರೋ, ನಾನಂತೂ ಅಳುತ್ತಿದ್ದೇನೆ, ಒರೆಸಿಕೊಳ್ಳೋಣವೆಂದರೆ ಶುದ್ಧವಾದ ಒಂದು ಬೆರಳೂ ಇಲ್ಲ.

ಗೇಟಿನಿಂದ ಅಣ್ಣ, ಇನ್ನಾದ್ರೂ ಒಂದ್ಸಲ ಹೋಗಿ ನೋಡೇ ಪಾಪ, ಒಂದು ನಿಮಿಷಕ್ಕೆ ಏನಾಗತ್ತೆ, ನೀನು ಗೇಟು ನೋಡ್ಕೋ ಅಂದೆ, ಒಂದು ನಿಮಿಷಕ್ಕೇ ಎಲ್ಲ ಆಗುವುದು, ಸೋಮಾರಿಯ ಜ್ವರ ಇಳಿಯಬೇಕು, ಕಾಲು ಗಟ್ಟಿಯಾಗಬೇಕು, ಡಾಕ್ಟರು ಇನ್ನು ಪರವಾಗಿಲ್ಲ ಎನ್ನಬೇಕು, ಅಲ್ಲಿಯವರೆಗೆ ನಾನಿಲ್ಲೇ ಉಣ್ಣುತ್ತೇನೆ, ಇಲ್ಲೇ ಮಲಗುತ್ತೇನೆ, ಅಷ್ಟರಲ್ಲಿ ಮರಿ ಅಂಗಳವೆಲ್ಲ ಕುಣಿಯುತ್ತಿರುತ್ತದೆ, ನಾನು ಯಾರೆಂದು ಅದಕ್ಕೆ ಗೊತ್ತೇ ಇರುವುದಿಲ್ಲ, ಹೊಟ್ಟೆ ಉರಿಯುತ್ತದೆ, ಉರಿಯಲಿ, ಅದು ಕುಣಿದರೆ ಸಾಕು. ಓ, ಎದ್ದಳು, ನೆಕ್ಕುತ್ತಿದ್ದಾಳೆ, ಗಂಟಲೊಳಗೇ ಏನೋ ಮಾತಾಡುತ್ತಿದ್ದಾಳೆ ಮಗಳ ಜೊತೆ, ಹೋದ ವರ್ಷ ಆಡಲಾರದೆ ಉಳಿದ ಮಾತು, ಈಗ ತಲೆಯೆತ್ತಿ ಬಾಗಿಲಿಗೆ ಬಂದಳು, ಅತ್ತಿಗೆ ಅಂಗೈ ಚಾಚಿದರು, ಮೂಸಿದಳು, ಬಿಟ್ಟಳು, ಇತ್ತ ತಿರುಗಿದಳು, ಗಾಳಿ ಅವಳ ಕಡೆಯಿಂದ ಬೀಸುತ್ತಿದೆ, ನನ್ನ ವಾಸನೆ ಅಲ್ಲಿಗೆ ಮುಟ್ಟುವುದಿಲ್ಲ, ಮುಟ್ಟಬಾರದು, ನನ್ನ ಕೈ ತಾನಾಗಿ ಮೇಲೆದ್ದಿದೆ, ಇಳಿಸು, ಇಳಿಸಿದೆ, ಸೋಮಾರಿಯ ಹೆಗಲ ಮೇಲಿಟ್ಟೆ, ಮತ್ತೆ ಆ ಮೂಗು, ಹೊಳ್ಳೆ ಅರಳುತ್ತದೆ, ಮುಚ್ಚುತ್ತದೆ, ಅರಳುತ್ತದೆ —