ಎರಡನೇ ಸಲದವರು

ಹುಬ್ಬಳ್ಳಿಯ ಡಾಕ್ಟರು ಗೋದಾವರಿಗೆ ವಿಷಯ ತಿಳಿಸಿದ್ದು ಒಂದು ಸೋಮವಾರ. ಮಂಗಳವಾರ ಬೆಳಿಗ್ಗೆ ಅವಳು ಎಂದಿನಂತೆ ಅಂಕೋಲೆಯಲ್ಲಿ ಬಸ್ಸು ಹತ್ತಿ ಕಾರವಾರಕ್ಕೆ ಹೋದಳು. ದೂರವಾಣಿ ಕಚೇರಿಯ ಕೌಂಟರಿನಲ್ಲಿ ಕೂತು ಸಂಜೆಯವರೆಗೂ ಊರವರ ದೂರು ಬರೆದುಕೊಂಡಳು. ಒಬ್ಬರ ಫೋನಿನಲ್ಲಿ ಬರೇ ಗೊರಗೊರ ಸದ್ದು, ಇನ್ನೊಬ್ಬರದು ಸತ್ತೇ ಹೋಗಿದೆ. ಎಲ್ಲರಿಗೂ "ನಾಳೆ ಸರಿಯಾಗ್ತದೆ" ಎಂದಳು. ತನ್ನ ವಿಷಯವನ್ನು ಮಾತ್ರ ಪಕ್ಕದ ಮೇಜಿನವರಿಗೂ ಹೇಳಲಿಲ್ಲ.

ಅದು ಎರಡು ಸಾವಿರದ ಏಳನೇ ಇಸವಿ. ಏಳು ವರ್ಷದ ಹಿಂದೆ ಅವಳ ಎಡಸ್ತನದಲ್ಲಿ ಕ್ಯಾನ್ಸರ್ ಸಿಕ್ಕಿತ್ತು. ಆ ಸ್ತನವನ್ನೇ ತೆಗೆದ ಆಪರೇಶನ್, ಕೀಮೋ, ಕರೆಂಟು ಕೊಡುವುದು ಎಂದು ಜನ ಹೇಳುವ ರೇಡಿಯೇಶನ್, ಎಲ್ಲ ಮುಗಿಸಿ ಗೆದ್ದು ಬಂದಿದ್ದಳು. ಈಗ ಬಲಗಡೆ.

"ಇದು ಹಳೇದು ತಿರುಗಿ ಬಂದದ್ದಲ್ಲಮ್ಮಾ. ಇದು ಹೊಸದು, ಬೇರೆಯದೇ. ಸಣ್ಣದಿರುವಾಗಲೇ ಸಿಕ್ಕಿದೆ" ಎಂದು ಡಾಕ್ಟರು ಸಮಾಧಾನದ ದನಿಯಲ್ಲಿ ಹೇಳಿದ್ದರು. ಹಳೆಯದಾಗಿದ್ದರೆ ಒಂದು ಲೆಕ್ಕ, ಇದು ಹೊಸದಾಗಿ ಹುಡುಕಿಕೊಂಡು ಬಂದಿದೆಯಲ್ಲ ಎಂದು ಅವಳಿಗೆ ಅನ್ನಿಸಿತು.

ಮನೆಯಲ್ಲಿ ಗೊತ್ತಿದ್ದದ್ದು ಗಂಡ ಹರಿಶ್ಚಂದ್ರನಿಗೆ ಮಾತ್ರ. ಅವನು ಹೈಸ್ಕೂಲಿನ ಚಿತ್ರಕಲಾ ಮಾಸ್ತರ. ಮಾತು ಕಮ್ಮಿ, ಕಣ್ಣೀರು ಬೇಗ. ವಿಷಯ ಕೇಳಿದ ದಿನದಿಂದ ಅವನು ಹೆಂಡತಿಯ ಚಹಾಕ್ಕೆ ಎರಡೆರಡು ಸಲ ಸಕ್ಕರೆ ಹಾಕುತ್ತಿದ್ದ, ಅವಳು ಸುಮ್ಮನೆ ಕುಡಿಯುತ್ತಿದ್ದಳು.

ಊರಿಗೆ ಹೇಳಲು ಅವಳಿಗೆ ನಾಲಿಗೆ ಏಳದಿರಲು ಕಾರಣವಿತ್ತು. ಈ ಏಳು ವರ್ಷದಲ್ಲಿ ಅಂಕೋಲೆಯ ಸುತ್ತ ಯಾವ ಹೆಂಗಸಿಗೆ ಈ ಕಾಯಿಲೆ ಬಂದರೂ ಜನ ಗೋದಾವರಿಯ ಮನೆ ತೋರಿಸುತ್ತಿದ್ದರು. "ಗೋದಾವರಿ ಅಕ್ಕನ್ನ ನೋಡಿ ಬನ್ನಿ, ಎಷ್ಟು ಗಟ್ಟಿ ಇದ್ದಾಳೆ!" ಅವಳೂ ಅಷ್ಟೇ ಪ್ರೀತಿಯಿಂದ ಅವರನ್ನು ಕೂರಿಸಿ, ಬಾಯಿ ಹುಣ್ಣಿಗೆ ಏನು ಮಾಡಬೇಕು, ಕೂದಲು ಉದುರುವ ಮೊದಲೇ ಯಾಕೆ ಕತ್ತರಿಸಿಕೊಳ್ಳಬೇಕು ಎಂದೆಲ್ಲ ಹೇಳಿ ಕಳಿಸುತ್ತಿದ್ದಳು. ಅರ್ಗಾದ ಜಯಂತಿಯಂತೂ ಮೂರು ತಿಂಗಳಿಂದ ವಾರಕ್ಕೆರಡು ಸಲ ಫೋನು ಮಾಡುತ್ತಿದ್ದಳು. ಇನ್ನೂ ಮೂವತ್ತಮೂರರ ಹುಡುಗಿ, ಕೀಮೋ ನಡೆಯುತ್ತಿತ್ತು. ಅವಳಿಗೆ ಈಗ ಏನೆಂದು ಹೇಳುವುದು? ಜಯಂತಿಯ ನಂಬರು ಕಂಡರೆ ಗೋದಾವರಿ ಫೋನನ್ನು ಹಾಗೇ ಬಡಿದುಕೊಳ್ಳಲು ಬಿಡುತ್ತಿದ್ದಳು.

ಶನಿವಾರ ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಗೋದಾವರಿ ಅವ್ರಾ? ನಾನು ಸುಂಕಸಾಳದ ದೇವಕಿ ಹೇಳಿ. ದೇವಕಿ ಹೆಗಡೆ."

ಹಗಲೆಲ್ಲ ಕೌಂಟರಿನಲ್ಲಿ ಕೂತ ನಾಲಿಗೆ ತನ್ನಷ್ಟಕ್ಕೇ ಕೇಳಿತು. "ಹೇಳಿ, ಎಂತಾ ಕಂಪ್ಲೇಂಟು?"

ಆ ಕಡೆಯಿಂದ ಉತ್ತರ ಬಂತು. "ಕಂಪ್ಲೇಂಟು ಬೇಕಾದಷ್ಟು ಇದ್ದು ಮಾರಾಯ್ರೆ. ಮೊದ್ಲು ಗರ್ಭಕೋಶದ ಕ್ಯಾನ್ಸರ್ರು, ನಾಲ್ಕು ವರ್ಷ ಬಿಟ್ಟು ಕರುಳಿಂದು. ಯಾವ್ದರಿಂದ ಶುರು ಮಾಡ್ಲಿ?"

ಗೋದಾವರಿಗೆ ಆಗ ನೆನಪಾಯಿತು. ಆಸ್ಪತ್ರೆಯ ನರ್ಸು "ನಿಮ್ಮ ಹಾಗೇ ಎರಡನೇ ಸಲ ಆದವರೊಬ್ಬರಿದ್ದಾರೆ, ನಿಮ್ಮ ನಂಬರು ಕೊಡಲಾ?" ಎಂದು ಕೇಳಿದ್ದಳು. ಏನು ಕೇಳಿದಳೆಂದು ತಲೆಗೆ ಹೋಗದೆ ಇವಳು ಹೂಂಗುಟ್ಟಿದ್ದಳು.

"ನಿಮ್ಮನೆಗೆ ಹಣ್ಣು ಬಂತಾ?" ದೇವಕಿ ಕೇಳಿದಳು.

"ಯಾವ ಹಣ್ಣು?"

"ಮೊದಲ್ನೇ ಸಲ ನಮ್ಮನೆ ಜಗಲಿ ತುಂಬ ಮೋಸಂಬಿ. ಬಂದವ್ರೆಲ್ಲ ಒಂದೊಂದು ಚೀಲ ತಂದ್ರು. ಎರಡನೇ ಸಲ ಒಂದು ಬಾಳೆಹಣ್ಣೂ ಇಲ್ಲ. ಜನ ಕೆಟ್ಟವ್ರಲ್ಲ. ಎಂತ ಹೇಳೂದು ಹೇಳಿ ಅವ್ರಿಗೆ ಗೊತ್ತಾಗೂದಿಲ್ಲ ಅಷ್ಟೆ. ಮೊದಲ್ನೇ ಸಲ 'ಗುಣ ಆಗ್ತದೆ' ಹೇಳಿ ಮುಗ್ಸಿದ್ರು. ಈಗ ಎಂತ ಹೇಳ್ತಾರೆ ಪಾಪ?"

ಗೋದಾವರಿ ಕುರ್ಚಿ ಎಳೆದುಕೊಂಡು ಕೂತಳು. "ನಿಮ್ಗೆ ಹೆದ್ರಿಕೆ ಆಗ್ಲಿಲ್ವಾ?"

"ಆಯ್ತು. ಈಗ್ಲೂ ಆಗ್ತದೆ. ಟೆಸ್ಟಿನ ಹಿಂದಿನ ವಾರ ಮನೆಯವ್ರ ಹತ್ರ ಬರೇ ಜಗಳ. ಆದ್ರೆ ಮೊದ್ಲು ಬಂದದ್ದು ಹೆದ್ರಿಕೆ ಅಲ್ಲ, ಸಿಟ್ಟು. ಒಂದ್ಸಲ ಎಲ್ಲ ಮಾಡಿ ಮುಗ್ಸಿದ್ದೆ ಅಲ್ದಾ? ಪಾಸಾದವ್ರನ್ನ ಹಿಡ್ಕೊಂಡು ಬಂದು ಮತ್ತೆ ಅದೇ ಕ್ಲಾಸಲ್ಲಿ ಕೂರ್ಸಿದ್ರೆ ಸಿಟ್ಟು ಬರೂದಿಲ್ವಾ?"

ಐದು ದಿನದಿಂದ ಎದೆಯಲ್ಲಿ ಕೂತಿದ್ದದ್ದಕ್ಕೆ ಹೆಸರೇನೆಂದು ಗೋದಾವರಿಗೆ ಆಗ ಹೊಳೆಯಿತು. ಅದು ಸಿಟ್ಟು. ದೇವರ ಮೇಲೆ, ಡಾಕ್ಟರ ಮೇಲೆ, ತನ್ನದೇ ಮೈಯ ಮೇಲೆ. ಹಾಗೆಂದು ಗಟ್ಟಿಯಾಗಿ ಹೇಳಿಯೂ ಬಿಟ್ಟಳು. ಆ ಕಡೆಯಿಂದ ದೇವಕಿ "ಬೈರಿ, ಬೈರಿ, ನಾನು ಕೇಳ್ತೆ" ಎಂದಳು. ಫೋನಿಟ್ಟಾಗ ಮುಕ್ಕಾಲು ಗಂಟೆಯಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತ ಹರಿಶ್ಚಂದ್ರ "ಯಾರದು?" ಎಂದ.

"ಗೊತ್ತಿಲ್ಲ" ಎಂದಳು ಗೋದಾವರಿ. "ಆದ್ರೆ ನಾಳೆ ಮತ್ತೆ ಮಾಡ್ತಾರಂತೆ."

ಮರುದಿನ ದೇವಕಿ ಮತ್ತೆ ಫೋನು ಮಾಡಿದಳು. ಅದರ ಮರುದಿನವೂ ಮಾಡಿದಳು. ಆಪರೇಶನ್ನಿಗೆ ದಿನ ಗೊತ್ತಾದಾಗ "ಯಾವ ಬಸ್ಸಿಗೆ ಹೋಗ್ತೀರಿ?" ಎಂದಷ್ಟೇ ಕೇಳಿದಳು.

ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಬಸ್ಸು ಸುಂಕಸಾಳದ ಮೇಲೇ ಹೋಗಬೇಕು. ಅಲ್ಲಿ ಬಸ್ಸು ನಿಂತದ್ದೇ, ಕುಳ್ಳಗಿನ, ದಪ್ಪ ಕನ್ನಡಕದ, ಅರವತ್ತರ ಹತ್ತಿರದ ಹೆಂಗಸೊಬ್ಬಳು ಕೈಯಲ್ಲಿ ಸ್ಟೀಲಿನ ಡಬ್ಬಿ ಹಿಡಿದು ಹತ್ತಿದಳು. "ಇಲ್ಲಿ ಗೋದಾವರಿ ಹೇಳಿ ಯಾರು?" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳು. ಹರಿಶ್ಚಂದ್ರ ಎದ್ದು ಜಾಗ ಬಿಟ್ಟು ಹಿಂದಿನ ಸೀಟಿಗೆ ಹೋದ.

ಕೂತು ಉಸಿರು ತೆಗೆದುಕೊಂಡ ದೇವಕಿ ಮೊದಲು ಕೇಳಿದ್ದು ಯಾರೂ ಕೇಳದ ಪ್ರಶ್ನೆ. "ಏಳು ವರ್ಷ ಒಂದು ಬದಿಗೆ ಎಂತ ಇಟ್ಕೊಂಡ್ರಿ?"

ಗೋದಾವರಿ ಆಚೀಚೆ ನೋಡಿ ದನಿ ಇಳಿಸಿದಳು. ಒಳಗಿಟ್ಟುಕೊಳ್ಳಲು ಪೇಟೆಯಲ್ಲಿ ಸಿಗುವ ರಬ್ಬರಿನದು ಸೆಕೆಗೆ ಮೈಗೆ ಅಂಟುತ್ತಿತ್ತು. ಹಾಗಾಗಿ ಮೆತ್ತನೆ ಬಟ್ಟೆಯ ಸಣ್ಣ ಚೀಲ ಹೊಲಿದು, ಅರ್ಧ ಹತ್ತಿ, ಅರ್ಧ ತೂಕಕ್ಕೆಂದು ಸಾಸಿವೆ ತುಂಬಿಕೊಂಡಿದ್ದಳು. ಒಂದು ದಿನ ಕಾರವಾರದ ಬಸ್ಸಿನಲ್ಲಿ ಕಾಲಿಡಲೂ ಜಾಗವಿಲ್ಲ. ಅರ್ಗಾ ದಾಟುತ್ತಿದ್ದಂತೆ ಡ್ರೈವರು ಬ್ರೇಕು ಹಾಕಿದ, ಹಿಂದಿದ್ದವರೆಲ್ಲ ಅವಳ ಮೇಲೆ ಬಿದ್ದರು, ಚೀಲದ ಹೊಲಿಗೆ ಬಿಚ್ಚಿತು.

"ಹಾಂ! ಆಮೇಲೆ?"

"ಆಮೇಲೆ ಎಂತಾ? ಸಾಸ್ವೆ ಸರಸರ ಸೀರೆ ಒಳಗಿಂದ ಇಳೀತು. ಕಾಲಡಿಗೆಲ್ಲ ಸಾಸ್ವೆ. ಕಂಡಕ್ಟರು ಬಂದು, 'ಯಾರದ್ರೀ ಸಾಸ್ವೆ ಚೀಲ ಒಡ್ದದ್ದು?' ಕೇಳ್ದ. ಒಬ್ಳು ಮುದುಕಿ 'ಅಯ್ಯೋ, ಚಲೋ ಸಾಸ್ವೆ ಹಾಳಾಯ್ತಲ್ಲ' ಹೇಳಿ ಬೊಗಸೇಲಿ ತುಂಬ್ಕಳೂಕೆ ಶುರು ಮಾಡಿದ್ಲು."

"ನೀವು?"

"ನಾನೂ ಬಗ್ಗಿ, ಚೀಲ ಯಾರದಪಾ ಹೇಳಿ ಹುಡುಕ್ದೆ!"

ದೇವಕಿಯ ನಗು ಮೊದಲು ಹೊಟ್ಟೆಯೊಳಗೇ ಕುಲುಕಿತು. ಆಮೇಲೆ ಅದು ಹೊರಬಿದ್ದ ರಭಸಕ್ಕೆ ಕನ್ನಡಕ ಜಾರಿ ಮಡಿಲಿಗೆ ಬಿತ್ತು. "ಆ ಮುದುಕಿ ಅದನ್ನ ಒಗ್ಗರಣೆಗೆ ಹಾಕಿದ್ಲೇನೋ!" ಎಂದು ಹೇಳಲು ಹೋಗಿ ಮಾತು ಪೂರ್ತಿಯಾಗಲಿಲ್ಲ. ಗೋದಾವರಿಗೂ ತಡೆಯಲಾಗಲಿಲ್ಲ. ಎಷ್ಟೋ ವಾರದಿಂದ ಬಿಗಿದುಕೊಂಡಿದ್ದ ಮೈ ಸಡಿಲವಾಗಿ, ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಅದರಲ್ಲಿ ಸ್ವಲ್ಪ ಅಳುವೂ ಸೇರಿಕೊಂಡಿತು. ದೇವಕಿ ಸೆರಗು ಕೊಟ್ಟಳೇ ಹೊರತು ಅಳಬೇಡ ಎನ್ನಲಿಲ್ಲ.

ಹಿಂದಿನ ಸೀಟಿನಿಂದ ಹರಿಶ್ಚಂದ್ರನ ದನಿ ಬಂತು. "ಇದನ್ನ ನಂಗೆ ಯಾವತ್ತೂ ಹೇಳ್ಲೇ ಇಲ್ವಲ್ಲೇ?"

"ನಿಮ್ಗೆ ಹೇಳಿದ್ರೆ ನಗ್ತಿರ್ಲಿಲ್ಲ, ಅಳ್ತಿದ್ರಿ" ಎಂದಳು ಗೋದಾವರಿ. ತಿರುಗಿ ನೋಡಿದರೆ ಅವನು ನಗುತ್ತಿದ್ದ.

ಆಪರೇಶನ್ನಿನ ಬೆಳಿಗ್ಗೆ, ಒಳಗೆ ಕರೆದೊಯ್ಯುವ ಮುನ್ನ ದೇವಕಿ ಅವಳ ಕಿವಿಯ ಹತ್ತಿರ ಬಗ್ಗಿದಳು. "ಇನ್ನು ಎರಡೂ ಬದಿ ಸಮ ಆಗ್ತದೆ ನೋಡಿ. ತೂಕ ಸರಿ ಮಾಡೂ ರಗಳೆ ಇಲ್ಲ." ಗಾಡಿ ತಳ್ಳುತ್ತಿದ್ದ ನರ್ಸಿಗೆ, ಈ ಹೆಂಗಸು ಯಾಕೆ ನಗುತ್ತಾ ಒಳಗೆ ಬಂದಳೆಂದು ಅರ್ಥವಾಗಲಿಲ್ಲ.

ಆಪರೇಶನ್ ಚೆನ್ನಾಗಿ ಆಯಿತು. ಗೋದಾವರಿ ಮನೆಗೆ ಬಂದು ಹತ್ತು ದಿನವಾಗಿರಬೇಕು, ಒಂದು ಮಧ್ಯಾಹ್ನ ಅಂಗಳದಲ್ಲಿ ರಿಕ್ಷಾ ನಿಂತಿತು. ಇಳಿದವಳು ಜಯಂತಿ. ತಲೆಗೆ ನೀಲಿ ವಸ್ತ್ರ ಸುತ್ತಿಕೊಂಡಿದ್ದಳು, ಮುಖ ಬಿಳಚಿಕೊಂಡಿತ್ತು, ಕಣ್ಣು ಮಾತ್ರ ಕೆಂಡವಾಗಿತ್ತು.

"ಅಕ್ಕಾ, ಯಾಕೆ ಫೋನ್ ಎತ್ಲಿಲ್ಲ?"

ಗೋದಾವರಿ ತಡವರಿಸಿದಳು. "ನಿಂಗೆ ಗೊತ್ತಾದ್ರೆ ಹೆದ್ರತೆ ಹೇಳಿ..."

"ಹೆದ್ರೂದಾ? ಒಂದು ತಿಂಗ್ಳು ನಾನು ಎಂತಾ ಅಂದ್ಕಂಡೆ ಗೊತ್ತಿತ್ತಾ? ನೀವು ಸತ್ತೇ ಹೋದ್ರಿ, ನನ್ನ ಹತ್ರ ಹೇಳೂಕೆ ಯಾರಿಗೂ ಧೈರ್ಯ ಇಲ್ಲ ಅಂದ್ಕಂಡೆ! ಬೆಳಿಗ್ಗೆ ನಿಮ್ಮ ಆಫೀಸಿಗೆ ಹೋಗಿ ಕೇಳ್ದೆ. ಎರಡನೇ ಆಪರೇಶನ್ ಆಯ್ತು, ಮನೇಲಿದ್ದಾರೆ ಅಂದ್ರು. ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ, ಅಲ್ಲೇ ಕೌಂಟರ್ ಎದ್ರಿಗೆ ಅತ್ತುಬಿಟ್ಟೆ."

ಹೀಗೂ ಆಗಬಹುದೆಂದು ಗೋದಾವರಿಗೆ ಹೊಳೆದೇ ಇರಲಿಲ್ಲ. ತಾನು ಯಾರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದಳೋ ಆ ಹುಡುಗಿಯನ್ನೇ ಕತ್ತಲೆಯಲ್ಲಿ ಕೂರಿಸಿದ್ದಳು. ನೋಯದ ಹಾಗೆ ಒಂದು ಕೈ ಚಾಚಿ ಜಯಂತಿಯನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡಳು.

"ತಪ್ಪಾಯ್ತೇ ತಂಗಿ."

ಸ್ವಲ್ಪ ಹೊತ್ತಿನ ಮೇಲೆ ಜಯಂತಿ ನೆಲ ನೋಡುತ್ತ ಕೇಳಿದಳು. "ನಂಗೂ ಎರಡನೇದು ಬರ್ತದಾ ಅಕ್ಕಾ?"

ಮೊದಲಿನ ಗೋದಾವರಿಯಾಗಿದ್ದರೆ "ಛೇ, ಬಿಡ್ತು ಅನ್ನು" ಎನ್ನುತ್ತಿದ್ದಳು. ಈಗ ಹೇಳಿದ್ದು ಬೇರೆ. "ನಂಗೆ ಗೊತ್ತಿಲ್ಲ. ಹೆಚ್ಚಿನವ್ರಿಗೆ ಬರೂದಿಲ್ಲ ಹೇಳ್ತಾರೆ ಡಾಕ್ಟ್ರು. ನಂಗೆ ಬಂತು. ಟೆಸ್ಟು ತಪ್ಸಬೇಡ. ಬಂದ್ರೂ ನೀನು ಒಬ್ಳೇ ಕೂರೂದಿಲ್ಲ, ಅಷ್ಟು ಗೊತ್ತು." ಆಮೇಲೆ ಫೋನೆತ್ತಿ ಸುಂಕಸಾಳಕ್ಕೆ ಹಚ್ಚಿ, ರಿಸೀವರನ್ನು ಜಯಂತಿಯ ಕೈಗೆ ಕೊಟ್ಟಳು.

ಅಲ್ಲಿಂದ ಮುಂದೆ ಈ ನಂಟು ತಾನಾಗಿಯೇ ಬೆಳೆಯಿತು. ಗೋದಾವರಿ ಮೂರು ವಾರಕ್ಕೊಮ್ಮೆ ಕೀಮೋಗೆ ಹೋಗುವಾಗ ದೇವಕಿ ಸುಂಕಸಾಳದಲ್ಲಿ ಹತ್ತುತ್ತಿದ್ದಳು, ಕೆಲವು ಸಲ ಜಯಂತಿಯೂ ಜೊತೆಗಿರುತ್ತಿದ್ದಳು. ಕೂದಲು ಮತ್ತೆ ಚಿಗುರುವ ಹೊತ್ತಿಗೆ, ಅಂಕೋಲೆಯ ಪೇಟೆಯಲ್ಲಿ ಬಸಳೆ ಮಾರುವ ಗಂಗೂ ಒಂದು ದಿನ ಸೊಪ್ಪಿನ ಕಟ್ಟು ಕೊಡುತ್ತ ಗೋದಾವರಿಯ ಕೈ ಹಿಡಿದಳು. "ಅಕ್ಕಾ, ಹುಬ್ಬಳ್ಳಿ ಆಸ್ಪತ್ರೆ ಸಾಲಲ್ಲಿ ನಿಮ್ಮನ್ನ ಕಂಡಿದ್ದೆ. ನಂಗೂ ಎರಡಾತು. ಮೊದ್ಲು ಕೆನ್ನೆ ಒಳಗೆ, ಈಗ ಎದೇಲಿ. ಯಾರ ಹತ್ರ ಹೇಳೂದು ತಿಳೀಲಿಲ್ಲ." ಕೊತ್ತಂಬರಿ ಕೊಳ್ಳಲು ಬಂದವರೆಲ್ಲ ಕಾಯುತ್ತ ನಿಂತರು, ಇಬ್ಬರೂ ಬುಟ್ಟಿಯ ಹಿಂದೆ ಕೂತು ಅರ್ಧ ಗಂಟೆ ಮಾತಾಡಿದರು.

ತಿಂಗಳ ಎರಡನೇ ಶನಿವಾರ ಗೋದಾವರಿಯ ಆಫೀಸಿಗೆ ರಜೆ. ಆ ದಿನ ಎಲ್ಲರೂ ಕಾರವಾರದ ಕಡಲ ದಂಡೆಯಲ್ಲಿ ಗಾಳಿಮರದ ನೆರಳಿಗೆ ಸೇರುವುದು ರೂಢಿಯಾಯಿತು. ತಮ್ಮನ್ನು ತಾವು "ಎರಡನೇ ಸಲದವರು" ಎಂದು ಕರೆದುಕೊಂಡರು. ಜಯಂತಿಗೆ ಒಂದೇ ಸಲವಾದ್ದರಿಂದ "ಇವ್ಳಿಗೆ ಪ್ರಮೋಶನ್ ಕೊಡೂದೇ ಬೇಡ, ಹೀಗೇ ಇರ್ಲಿ" ಎಂದು ದೇವಕಿ ಠರಾವು ಮಾಡಿದಳು. ಆ ದಂಡೆಯ ಮೇಲೆ ಮನೆಯಲ್ಲಿ ಆಡಲಾಗದ ಮಾತೆಲ್ಲ ಹೊರಬೀಳುತ್ತಿತ್ತು. ಸಾಯುವ ಮಾತು, ಗಂಡ ಮುಟ್ಟಲು ಹೆದರುವ ಮಾತು, ಮಲಬದ್ಧತೆಯ ಮಾತು. ಯಾವುದಕ್ಕೂ ಯಾರೂ ಹುಬ್ಬೇರಿಸುತ್ತಿರಲಿಲ್ಲ.

ಎರಡು ಸಾವಿರದ ಒಂಬತ್ತರ ಫೆಬ್ರವರಿಯಲ್ಲಿ, ಬೇಯಿಸಿದ ಗೆಣಸು ತಿನ್ನುತ್ತ ಕೂತಾಗ ದೇವಕಿ ಒಂದು ಗುಟ್ಟು ಬಿಟ್ಟುಕೊಟ್ಟಳು. "ಇಷ್ಟು ವರ್ಷ ಆಯ್ತು, ಪಾದ ಒದ್ದೆ ಮಾಡ್ಕೊಂಡದ್ದು ಬಿಟ್ರೆ ನಾನು ಸಮುದ್ರಕ್ಕೆ ಇಳೀಲೇ ಇಲ್ಲ. ಹೆದ್ರಿಕೆ."

"ಎರಡು ಕ್ಯಾನ್ಸರಿಗೆ ಹೆದ್ರದ ಹೆಂಗ್ಸು!" ಎಂದು ಜಯಂತಿ ಬಾಯಿಬಿಟ್ಟಳು.

"ಅದು ಕೇಳಿ ಬರ್ಲಿಲ್ಲ ಮಾರಾಯ್ತಿ. ಇದಕ್ಕೆ ನಾನೇ ನಡ್ಕೊಂಡು ಹೋಗ್ಬೇಕು."

ಗಂಗೂ ಗೆಣಸಿನ ಸಿಪ್ಪೆ ಕೆಳಗಿಟ್ಟು ಎದ್ದಳು, ಸೀರೆ ಎತ್ತಿ ಕಟ್ಟಿದಳು. "ಬನ್ನಿ ಅಮ್ಮಾ, ನಾ ಹಿಡ್ಕಂತೆ."

ನಾಲ್ವರೂ ಕೈ ಕೈ ಹಿಡಿದು ಇಳಿದರು. ಮೊಣಕಾಲಿನವರೆಗೆ ನೀರು ಬಂದಾಗ ದೇವಕಿ ದೇವರ ಹೆಸರು ಹೇಳತೊಡಗಿದಳು. ಸೊಂಟಕ್ಕೆ ಬಂದಾಗ "ಸಾಕು, ಸಾಕು" ಎಂದು ಕಿರುಚಿದಳು. ಅಷ್ಟರಲ್ಲಿ ದೊಡ್ಡ ತೆರೆಯೊಂದು ಬಂದು ನಾಲ್ವರನ್ನೂ ಒಟ್ಟಿಗೆ ಎತ್ತಿ ಮರಳಿನ ಮೇಲೆ ಕುಕ್ಕರಿಸಿತು. ಗೋದಾವರಿ ಉಪ್ಪುನೀರು ಉಗುಳಿ ಕಣ್ಣು ಬಿಟ್ಟರೆ, ದೇವಕಿ ಕಾಲು ಚಾಚಿಕೊಂಡು ನೀರಿನಲ್ಲೇ ಕೂತು ಚಪ್ಪಾಳೆ ತಟ್ಟುತ್ತಿದ್ದಳು. "ಇನ್ನೊಂದ್ ಬರ್ಲಿ! ಇನ್ನೊಂದ್ ಬರ್ಲಿ!"

ಬಿಸಿಲಿಗೆ ಸೀರೆ ಒಣಗಿಸಿಕೊಳ್ಳುತ್ತ ಕೂತಾಗ ಅವಳೇ ಹೇಳಿದಳು. "ಮಂಗಳವಾರ ನಂದು ಸ್ಕ್ಯಾನು. ಈ ಸಲ ಹೊಟ್ಟೇಲಿ ಎಂತೋ ಸಂಶಯ ಹೇಳಿದ್ದಾರೆ."

"ಎಂತದೂ ಇರೂದಿಲ್ಲ" ಎಂದು ಯಾರೂ ಹೇಳಲಿಲ್ಲ. ಗೋದಾವರಿ ಅವಳ ಒದ್ದೆ ಬೆನ್ನಿನ ಮೇಲೆ ಕೈಯಿಟ್ಟಳು.

"ನಾ ಬತ್ತೆ" ಎಂದಳು ಗಂಗೂ. "ಬಸಳೆ ಬುಧವಾರ ಮಾರ್ದ್ರಾತು."

"ನಾನೂ ಬರ್ತೆ. ಕಿಟಕಿ ಬದಿ ಸೀಟು ನಂದು, ಈಗ್ಲೇ ಹೇಳ್ತೆ" ಎಂದಳು ಜಯಂತಿ.

"ಕಿಟಕಿ ಪೇಶಂಟಿಗೆ!" ಎಂದು ದೇವಕಿ ಗದರಿದಳು. ಅದರ ಮೇಲೆ ಜಗಳ ಶುರುವಾಯಿತು. ಗೋದಾವರಿ ರಜೆಯ ಅರ್ಜಿಗೆ ಏನು ಕಾರಣ ಬರೆಯುವುದೆಂದು ಯೋಚಿಸುತ್ತ, ಕೊನೆಯ ಗೆಣಸನ್ನು ನಾಲ್ಕು ತುಂಡು ಮಾಡತೊಡಗಿದಳು.