ಬೈಗುಳ ಬಿಟ್ಟು ಓದಿದವರು

ಓರಿಸ್ಯಾಳಿಗೆ ಮೈಯೆಲ್ಲ ಉರಿದುಹೋಯಿತು. ಮಂತ್ರಿ ಝಾಹಿರ್ನಿ ಮೇಲೆ ಅವಳು ಬರೆದ ಡಾಕ್ಟರೇಟ್ ಪ್ರಬಂಧದ ಪರೀಕ್ಷೆಯ ಸಭೆ ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ಪ್ರೊಫೆಸರ್ ಓಸ್ತಾಪ್ ಇಹ್ನಾತೊವಿಚ್ ಕಿಟಕಿ ಬಳಿ ಕರೆದು ಹಲ್ಲು ಗಿಂಜಿದ್ದ.

"ನೋಡಮ್ಮ, ಕೊನೆಗೆ ವಂದನೆ ಹೇಳ್ತೀಯಲ್ಲ, ಮಂತ್ರಿ ಝಾಹಿರ್ನಿ ಬಗ್ಗೆ ಮೊದಲು ಬರೆದಿದ್ದು ನಾನು ಅಂತ ಒಂದು ಮಾತು ಸೇರಿಸು. ಪದವಿಗೆ ವೋಟು ಹಾಕೋ ಪರೀಕ್ಷಕರೆಲ್ಲ ನಮ್ಮವರೇ."

ಮೊದಲು ಬರೆದವನಂತೆ! ಬರೆದದ್ದೇನೋ ನಿಜ. ಸೋವಿಯತ್ತಿಗೂ ಮುಂಚಿನ ಉಕ್ರೇನ್ ಸರ್ಕಾರದಲ್ಲಿದ್ದು, ಆಮೇಲೆ ದೇಶ ಬಿಟ್ಟು ಹೋಗಿ ಪ್ರಾಗ್‌ನಲ್ಲಿ ಸತ್ತ ಆ ಮಂತ್ರಿಯನ್ನು ಸೋವಿಯತ್ ಕಾಲದಲ್ಲಿ ಪುಟಗಟ್ಟಲೆ ಬೈದು ಈತ ಪುಸ್ತಕ ಮಾಡಿದ್ದ. ಬೈಯುವುದಕ್ಕಾದರೂ ಮಂತ್ರಿಯ ಮಾತುಗಳನ್ನು ಎತ್ತಿ ಬರೆಯಬೇಕಲ್ಲ? ಈ ಲ್ವಿವ್ ಊರಿನ ಜನ ಬೈಗುಳ ಹಾರಿಸಿ ಆ ಮಾತುಗಳನ್ನಷ್ಟೇ ಓದಿಕೊಳ್ಳುತ್ತಿದ್ದರು. ಓರಿಸ್ಯಾಳ ಶಾಲೆಯ ಮೇಡಂ ತೆಕ್ಲಾ ಮಿಖಾಯ್ಲಿವ್ನಾ ತರಗತಿಯಲ್ಲಿ ಹಾಗೆಯೇ ಗಟ್ಟಿಯಾಗಿ ಓದಿದರು. ದೂರು ಕೊಟ್ಟವನು ಈತನೇ. ಕೆಲಸ ಕಳೆದುಕೊಂಡ ಮೇಡಂ ಟ್ರಾಮ್ ಡಿಪೊದಲ್ಲಿ ನೆಲ ಒರೆಸಿ ಬದುಕಿದರು. ಈಗ ಸ್ವತಂತ್ರ ಉಕ್ರೇನಿನಲ್ಲಿ ಮಂತ್ರಿ ದೊಡ್ಡ ಮನುಷ್ಯ, ಈ ಗೋಸುಂಬೆಗೂ ಅದರಲ್ಲಿ ಪಾಲು ಬೇಕು!

ಮೇಡಂ ಇವತ್ತು ಹಿಂದಿನ ಸಾಲಿನಲ್ಲೇ ಕೂತಿದ್ದರು.

ವಂದನೆಯ ಸರದಿ ಬಂತು. ಓರಿಸ್ಯಾ ಆ ಹಳೆಯ ಪುಸ್ತಕವನ್ನೇ ತೆರೆದಳು. "ಮೊದಲು ಬರೆದವರು ಇವರೇ. ಏನು ಬರೆದಿದ್ದಾರೆ, ಕೇಳಿ."

ದ್ರೋಹಿ. ಪರದೇಶದ ಎಂಜಲು ನೆಕ್ಕುವ ನಾಯಿ. ಕೊಳೆತ ಹೆಣ. ಒಂದೂ ಬಿಡದೆ ಓದಿದಳು.

"ಸಾಕು ನಿಲ್ಸೇ!" ಪ್ರೊಫೆಸರ್ ಕಿರುಚಿದ.

"ಬರೆಯೋವಾಗ ಸಾಕು ಅನ್ನಿಸ್ಲಿಲ್ವಾ ನಿಮಗೆ?"

ವೋಟು ಎಣಿಸಿದರು. ಪದವಿ ಕೈತಪ್ಪಿತು.

ವಾಡಿಕೆಯಂತೆ ಪರೀಕ್ಷಕರಿಗೆಂದು ಪಕ್ಕದ ಕೋಣೆಯಲ್ಲಿ ಊಟ ಜೋಡಿಸಿತ್ತು. ಒಬ್ಬರೂ ಅತ್ತ ತಲೆ ಹಾಕಲಿಲ್ಲ. ಅಮ್ಮ ಬೆಳಗಿನಿಂದ ಕೂತು ಮಾಡಿದ ಆಲೂಗಡ್ಡೆ ತುಂಬಿದ ವರೇನಿಕಿ ಕಡುಬು ಆರಿ ತಣ್ಣಗಾಗುತ್ತಿತ್ತು. ತೆಕ್ಲಾ ಮಿಖಾಯ್ಲಿವ್ನಾ ಮಾತ್ರ ಬಂದು ಕುರ್ಚಿ ಎಳೆದುಕೊಂಡರು.

"ಹೇಗೆ ಮೇಡಂ, ಮಾನ ಕಳೆದೆ ಅಲ್ವಾ ಅವನದು?" ಓರಿಸ್ಯಾ ತಟ್ಟೆಯನ್ನು ಅವರ ಮುಂದೆ ತಳ್ಳುತ್ತ ಕೇಳಿದಳು.

"ನಿನ್ನ ತಲೆ! ಅವನ ಬೈಗುಳ ನನಗೆ ಗೊತ್ತಿಲ್ವಾ? ನಾನು ಬಂದಿದ್ದು ಝಾಹಿರ್ನಿ ಮಾತು ಕೇಳೋಕೆ ಕಣೇ. ಮೊದಲೆಲ್ಲ ನೀನು ಬರೀ ತಾರೀಖು, ದಾಖಲೆ ಅಂದೆ. ಹೋಗ್ಲಿ, ಕೊನೆಗಾದ್ರೂ ಹೇಳ್ತಾಳೆ ಅಂತ ಕಾದೆ. ಈ ಊರಲ್ಲಿ ಅವರ ಮಾತನ್ನ ಹೆದರದೆ ಹೇಳೋ ದಿನ ಬಂದಿದೆ, ನೀನು ನಿಂತ್ಕೊಂಡು ಆ ಹೊಲಸನ್ನ ಓದಿದೆ!" ಮೇಡಂ ಮೇಜು ಗುದ್ದಿದರು. "ಈಗ ಹೇಳು. ಒಂದೇ ಒಂದು ಮಾತು ಹೇಳು."

ಓರಿಸ್ಯಾ ಬಾಯಿ ತೆರೆದಳು. ಪ್ರಾಗ್‌ನ ದಾಖಲೆ ಕೋಣೆಗಳ ಧೂಳು ಕುಡಿದು ವರ್ಷಗಟ್ಟಲೆ ಓದಿದ ಮಂತ್ರಿಯ ಮಾತುಗಳು, ಒಂದೂ ನಾಲಗೆಗೆ ಬರಲೊಲ್ಲದು. ಪ್ರೊಫೆಸರನ ಬೈಗುಳಗಳೇ ಒಂದರ ಹಿಂದೊಂದು ನುಗ್ಗುತ್ತಿದ್ದವು. ಮೇಡಂ ಅವಳ ಮುಖವನ್ನೇ ನೋಡುತ್ತ ಕಾಯುತ್ತಿದ್ದರು.