ಭಾನುವಾರದ ಅಳತೆ

ನನ್ನ ಗಂಡನಿಗೆ ನಾನು ಹೇಳಿದ ಸುಳ್ಳು ಎರಡೇ ಇಂಚಿನದು. ಮೊದಲು ಅಷ್ಟೇ ಇತ್ತು.

ಅವರು ಬಸ್ ಡ್ರೈವರ್. ನಾನು ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡವಳು. ಎರಡು ವರ್ಷದ ಹಿಂದೆ ಅವರ ಹೊಟ್ಟೆ ಸ್ಟೀರಿಂಗಿಗೆ ತಾಗುತ್ತಿತ್ತು, ಸೊಂಟ ನಲವತ್ತನಾಲ್ಕು ಇಂಚು. "ಮೂವತ್ತಾರಕ್ಕೆ ಇಳಿಸಿ, ಅಲ್ಲೇ ಉಳಿಸ್ಕೊಳ್ಳಿ. ನಾಲ್ಕು ದಿನದ ಪಥ್ಯದಿಂದ ಆಗೋ ಕೆಲಸ ಅಲ್ಲ, ಬದುಕೋ ರೀತಿಯೇ ಬದಲಾಗ್ಬೇಕು. ಇಲ್ಲಾಂದ್ರೆ ಹೃದಯ ಕೈಕೊಡುತ್ತೆ" ಎಂದರು ಡಾಕ್ಟರು. ಇವರೋ ಹಟಮಾರಿ. "ಮೂವತ್ತಾರು ಆಗೋವರೆಗೂ ಆ ಮನುಷ್ಯನಿಗೆ ಮುಖ ತೋರಿಸಲ್ಲ" ಎಂದು ಶಪಥ ಮಾಡಿದರು.

ಬದಲಾದೆವು. ಡಿಪೋಗೆ ನಡಿಗೆ, ತಟ್ಟೆಯಲ್ಲಿ ಅರ್ಧ ತರಕಾರಿ, ಸಕ್ಕರೆಯಿಲ್ಲದ ಟೀ, ಕತ್ತಲಾಗುವ ಮೊದಲೇ ಊಟ. ಒಬ್ಬರಿಗೇ ಶಿಕ್ಷೆ ಯಾಕೆ ಎಂದು ನಾನೂ ಅದನ್ನೇ ತಿಂದೆ. ತೂಕದ ಮಿಷನ್ ಮನೆಯಲ್ಲಿರಲಿಲ್ಲ. ಭಾನುವಾರ ಬೆಳಿಗ್ಗೆ ತಿಂಡಿಗೆ ಮೊದಲು ನನ್ನ ಟೇಪು ಹಿಡಿಯುತ್ತಿದ್ದೆ.

ಎರಡು ಇಂಚು ಇಳಿದ ದಿನ ಮಹಾರಾಯರು ಯುದ್ಧ ಗೆದ್ದವರ ಹಾಗೆ ಗೆಳೆಯರನ್ನು ಕಟ್ಟಿಕೊಂಡು ಹೋಟೆಲಿಗೆ ಹೋದರು. ಮೂರು ವಾರ ಅದೇ ಸಂಭ್ರಮ. ಇಳಿದದ್ದೆಲ್ಲ ವಾಪಸ್! ನನಗೆ ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯನಿಗೆ ಇನ್ನು ನಿಜ ಹೇಳಬಾರದು ಎಂದು ಅವತ್ತೇ ತೀರ್ಮಾನಿಸಿದೆ. ಎಷ್ಟು ಬಂದರೂ ಎರಡು ಸೇರಿಸಿ ಹೇಳತೊಡಗಿದೆ. ಪ್ಯಾಂಟು ಸಡಿಲವಾಗಿ ಗುಟ್ಟು ರಟ್ಟಾದೀತೆಂದು, ಅವರು ಡ್ಯೂಟಿಗೆ ಹೋದಾಗ ಸೊಂಟದ ಹೊಲಿಗೆ ಬಿಚ್ಚಿ ಒಳಗೆ ಹಿಡಿದು ಹೊಲಿಯುತ್ತಿದ್ದೆ. ಬೆಲ್ಟು ಕಟ್ಟುವ ಅಭ್ಯಾಸ ಅವರಿಗಿಲ್ಲ. ಯಾರಿಗೂ ಗೊತ್ತಾಗಲಿಲ್ಲ.

ಹೋದ ವರ್ಷ ಮೂವತ್ತಾರಕ್ಕೆ ಬಂದರು. ನಾನು ಮೂವತ್ತೆಂಟು ಎಂದೆ. "ಥೂ, ಇನ್ನೂ ಎರಡು ಇದ್ಯಲ್ಲೇ!" ಎಂದು ಬೈದುಕೊಂಡು ನಡೆದರು. ಏಳು ತಿಂಗಳು ಮೂವತ್ತಾರು ಅಲ್ಲಾಡಲಿಲ್ಲ. ಎಂಥ ಹೆಂಡತಿ ನಾನು ಎಂದು ಒಳಗೊಳಗೇ ಬೀಗಿದೆ.

ಆಮೇಲೆ ಮಂಡಿನೋವೆಂದು ನಡಿಗೆ ನಿಂತಿತು. ಈಗ ಏರುತ್ತದೆ ಎಂದು ಕಾದೆ. ಏರಲಿಲ್ಲ, ಮೂವತ್ತೈದು ಬಂತು. ಮುಂದಿನ ತಿಂಗಳು ಮೂವತ್ತನಾಲ್ಕು. ನಾನು ಮಾತ್ರ ಮೂವತ್ತೆಂಟನ್ನು ಬಿಡಲಿಲ್ಲ. ಎರಡು ತುತ್ತಿಗೇ ಸಾಕೆಂದು ತಟ್ಟೆ ಸರಿಸುತ್ತಿದ್ದರು. ಒಳ್ಳೆಯ ಅಭ್ಯಾಸ ಮೈಗೂಡಿದೆ ಎಂದು ಖುಷಿಪಟ್ಟೆನಲ್ಲ, ನನ್ನ ಬುದ್ಧಿಗಿಷ್ಟು!

ಎದುರುಮನೆಯಾಕೆ ತಡೆಯಲಾರದೆ ಕೇಳಿಯೇಬಿಟ್ಟಳು: "ಏನಣ್ಣ, ಹೀಗೆ ಸೊರಗಿದ್ದೀರಾ?"

"ಎಲ್ಲಿ ಸೊರಗೋದಮ್ಮ? ನನ್ನ ಹೆಂಡ್ತಿ ಟೇಪು ಸುಳ್ಳು ಹೇಳಲ್ಲ" ಎಂದು ನಕ್ಕರು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು.

ಮೂವತ್ತೊಂದು ಬಂದ ಭಾನುವಾರ ಟೇಪನ್ನು ಮತ್ತೊಮ್ಮೆ ಸುತ್ತಿ ನೋಡಿದೆ. ಭಯವಾಯಿತು, ನಿಜವಾದ ಭಯ. ಆದರೂ ಬಾಯಿ ತಾನಾಗಿ "ಮೂವತ್ತೆಂಟು" ಎಂದಿತು. ನಿಜ ಹೇಳಿದರೆ ಇಷ್ಟು ದಿನದ ಬಂಡವಾಳವೆಲ್ಲ ಬಯಲಾಗುತ್ತಿತ್ತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ಇನ್ನೂ ಮೂರು ವಾರ ತಳ್ಳಿದೆ.

ನಿನ್ನೆ ಮಧ್ಯಾಹ್ನ ಬಸ್ಸನ್ನು ರಸ್ತೆ ಪಕ್ಕ ನಿಲ್ಲಿಸಿ ಸ್ಟೀರಿಂಗ್ ಮೇಲೆ ಒರಗಿಬಿಟ್ಟರಂತೆ. ಕಂಡಕ್ಟರು ಫೋನ್ ಮಾಡಿದ. ಇವತ್ತು ಶಪಥ ಗಿಪಥ ಕೇಳದೆ ಅದೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ನರ್ಸು ತೂಕ ನೋಡಿ ಬರೆದುಕೊಟ್ಟಳು. ಡಾಕ್ಟರು ಹಳೆಯ ಚೀಟಿಯನ್ನು ಪಕ್ಕಕ್ಕಿಟ್ಟು ನೋಡಿದರು.

"ಇಷ್ಟೊಂದು ಇಳಿದಿದ್ದೀರಲ್ಲ. ಬೇಕೂಂತ ಇಳಿಸಿದ್ದಾ, ತಾನಾಗೇ ಇಳೀತಾ?"

"ನಿಮ್ಮ ಮಿಷನ್ ಕೆಟ್ಟಿರ್ಬೇಕು ಡಾಕ್ಟ್ರೇ. ವರ್ಷದಿಂದ ಮೂವತ್ತೆಂಟರಲ್ಲೇ ಇದ್ದೀನಿ. ಇವಳೇ ಅಳೆಯೋದು. ಹೇಳೇ."

ಡಾಕ್ಟರ ಮುಖ ನೋಡಿಕೊಂಡೇ ಎಲ್ಲವನ್ನೂ ಹೇಳಿದೆ. ಇವರ ಕಡೆ ತಿರುಗುವ ಧೈರ್ಯ ಬರಲಿಲ್ಲ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ.

"ಅಂದ್ರೆ... ಮೂವತ್ತಾರು ಮುಟ್ಟಿದ್ನಾ?"

"ಮುಟ್ಟಿದ್ರಿ. ಹೋದ ವರ್ಷಾನೇ."

ಅವರ ಮುಖದಲ್ಲಿ ಪಾಸಾದ ಹುಡುಗನ ನಗು ಬಂತು. ಡಾಕ್ಟರು ನಗಲಿಲ್ಲ. ಮಲಗಿಸಿ ಹೊಟ್ಟೆ ಒತ್ತುತ್ತ ಬಂದರು. ಪಕ್ಕೆಲುಬಿನ ಕೆಳಗೆ ಅವರ ಕೈ ನಿಂತಿತು. ಇವರು ಹಲ್ಲು ಕಚ್ಚಿದರು.

"ಈ ನೋವು ಯಾವಾಗಿಂದ?"

"ನಾಲ್ಕೈದು ತಿಂಗಳಾಯ್ತು."

"ಮತ್ತೆ ಯಾಕ್ರೀ ಬರ್ಲಿಲ್ಲ?"

"ಮೂವತ್ತಾರು ಆಗ್ಲಿ, ಆಮೇಲೆ ಬಂದು ಇದನ್ನೂ ತೋರಿಸೋಣ ಅಂತಿದ್ದೆ" ಎಂದರು.